ಕೈ ಎತ್ತದವರ ಪರವಾಗಿ, ಅಂಕ ಕೊಡುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ತರಗತಿಯಲ್ಲಿ 'ಪಾಲ್ಗೊಳ್ಳುವಿಕೆ'ಗೆ ಅಂಕ ಹಾಕುವ ಶಿಕ್ಷಕರಿಗೆ, ವರ್ಷದ ಕೊನೆಗೆ ಅಪ್ರೈಸಲ್ ಫಾರಂ ತುಂಬುವ ಮ್ಯಾನೇಜರುಗಳಿಗೆ, ಅರ್ಧ ಗಂಟೆಯ ಇಂಟರ್‌ವ್ಯೂನಲ್ಲಿ ಒಬ್ಬರ ಯೋಗ್ಯತೆ ತೀರ್ಮಾನಿಸುವವರಿಗೆ ಈ ಪತ್ರ. ಬರೆಯುತ್ತಿರುವ ನಾವು ಆಪ್ತಸಮಾಲೋಚಕರು, ಶಿಕ್ಷಕರಿಗೆ ತರಬೇತಿ ಕೊಡುವವರು, ಮನಶ್ಶಾಸ್ತ್ರ ಪಾಠ ಮಾಡುವವರು. ನಿಮ್ಮ ಫಾರಂಗಳಲ್ಲಿ ಒಂದೇ ಮಾತು ಹಲವು ವೇಷದಲ್ಲಿ ಬರುತ್ತದೆ. "ಬುದ್ಧಿ ಚೆನ್ನಾಗಿದೆ, ಬಾಯೇ ಬಿಡುವುದಿಲ್ಲ." "ಕೆಲಸ ಅಚ್ಚುಕಟ್ಟು, ಇನ್ನಷ್ಟು ಮುಂದೆ ಬರಬೇಕು." "ಎಲ್ಲರ ಜೊತೆ ಬೆರೆಯುವುದನ್ನು ಕಲಿಯಲಿ." ಮೊದಲರ್ಧ ಹೊಗಳಿಕೆ, ಉಳಿದರ್ಧಕ್ಕೆ ಅಂಕ ಕಡಿತ.

ನಮ್ಮ ತಕರಾರು ಒಂದೇ. ಆ ಕಾಲಂನಲ್ಲಿ ನೀವು ಅಳೆಯುತ್ತಿರುವುದು ಯೋಚನೆಯನ್ನಲ್ಲ, ಯೋಚನೆ ಬಾಯಿಗೆ ಬರುವ ವೇಗವನ್ನು. ತುರ್ತು ಕರೆ ತೆಗೆದುಕೊಳ್ಳುವವರಿಗೆ, ಹರಾಜು ಕೂಗುವವರಿಗೆ ಆ ವೇಗ ಬೇಕೇಬೇಕು. ಎಂಟನೇ ತರಗತಿಯ ವಿಜ್ಞಾನಕ್ಕೋ ಲೆಕ್ಕಪತ್ರ ವಿಭಾಗಕ್ಕೋ ಅದು ಬೇಕು ಎಂದು ಯಾರೂ ಕೂತು ತೀರ್ಮಾನಿಸಿದ್ದಲ್ಲ. ತಾನಾಗಿ ಬಂದು ಸೇರಿಕೊಂಡಿದೆ. ಅದನ್ನು ತೆಗೆದುಹಾಕಲು ಹೆಚ್ಚಿನ ಖರ್ಚೇನೂ ಇಲ್ಲ. ಹೇಗೆಂದು ಬರೆಯುತ್ತೇವೆ, ಎಲ್ಲಿ ಕೆಡುತ್ತದೆ ಎಂಬುದನ್ನೂ ಬರೆಯುತ್ತೇವೆ.

ಹೀಗೆ ಅಂಕ ಕಳೆದುಕೊಳ್ಳುವವರಲ್ಲಿ ಹಲವರು ಅಂತರ್ಮುಖಿಗಳು. ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು 1921ರಲ್ಲಿ ಜನಪ್ರಿಯಗೊಳಿಸಿದವರು ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್. ಮನಸ್ಸಿನ ಆಸಕ್ತಿ ಹೊರಗಿನ ಜನ, ವಸ್ತುಗಳ ಕಡೆಗೆ ಹರಿಯುತ್ತದೆಯೋ ಒಳಗಿನ ಅನುಭವದ ಕಡೆಗೋ ಎಂಬುದು ಅವರ ಪ್ರಶ್ನೆಯಾಗಿತ್ತು. ಈಗಿನ ಮನಶ್ಶಾಸ್ತ್ರ ಇದನ್ನು ಎರಡು ಜಾತಿಯ ಜನ ಎಂದು ನೋಡುವುದಿಲ್ಲ. ಮನುಷ್ಯರ ಎತ್ತರದ ಹಾಗೆ ಇದೂ ಒಂದೇ ಅಳತೆಗೋಲು. ಬಹುಪಾಲು ಜನ ನಡುವೆ ಇರುತ್ತಾರೆ, ತುದಿಗಳಲ್ಲಿ ಕೆಲವರು. 1967ರಲ್ಲಿ ಹಾನ್ಸ್ ಐಸೆಂಕ್ ಇದಕ್ಕೆ ಮೆದುಳಿನ ಕಾರಣ ಕೊಟ್ಟರು: ಅಂತರ್ಮುಖಿಗಳ ಮೆದುಳು ಹೊರಗಿನ ಪ್ರಚೋದನೆಗೆ ಬೇಗ ಎಚ್ಚೆತ್ತುಕೊಳ್ಳುತ್ತದೆ, ಹಾಗಾಗಿ ಅವರಿಗೆ ಸಾಕೆನಿಸುವ ಮಟ್ಟ ಬೇಗ ಬರುತ್ತದೆ. ವಿವರಗಳಿಗೆ ಮುಂದೆ ಸಾಕಷ್ಟು ತಿದ್ದುಪಡಿಗಳಾದವು. ಆದರೆ ಪ್ರಚೋದನೆಯ ಹದ ಒಬ್ಬೊಬ್ಬರಿಗೆ ಬೇರೆ ಎಂಬ ಮಾತು ಉಳಿದುಕೊಂಡಿದೆ. 1984ರಲ್ಲಿ ರಸೆಲ್ ಗೀನ್ ನಡೆಸಿದ ಪ್ರಯೋಗ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕಲಿಕೆಯ ಕೆಲಸ ಮಾಡುವಾಗ ಕೇಳಿಸುವ ಸದ್ದನ್ನು ಎಷ್ಟಿಡಬೇಕೆಂದು ಅವರವರಿಗೇ ಬಿಟ್ಟಾಗ, ಅಂತರ್ಮುಖಿಗಳು ಕಡಿಮೆ ಸದ್ದನ್ನೂ ಬಹಿರ್ಮುಖಿಗಳು ಹೆಚ್ಚು ಸದ್ದನ್ನೂ ಆರಿಸಿಕೊಂಡರು. ತಮ್ಮ ಆಯ್ಕೆಯ ಮಟ್ಟದಲ್ಲಿ ಇಬ್ಬರೂ ಸಮಾನವಾಗಿ ಕಲಿತರು. ಒಬ್ಬರ ಮಟ್ಟವನ್ನು ಇನ್ನೊಬ್ಬರಿಗೆ ಕೊಟ್ಟಾಗ ಇಬ್ಬರ ಕಲಿಕೆಯೂ ಕುಸಿಯಿತು. ಒಂದೇ ಸದ್ದಿನ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಬರೆಸಿದ ಪರೀಕ್ಷೆ ಎಲ್ಲರಿಗೂ ಒಂದೇ ಪರೀಕ್ಷೆ ಆಗಿರುವುದಿಲ್ಲ.

ಅಂತರ್ಮುಖತೆ, ನಾಚಿಕೆ, ಸಾಮಾಜಿಕ ಆತಂಕ ಮೂರೂ ಬೇರೆ ಬೇರೆ. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ, ಅದೇ ಕಷ್ಟ. ನಾಚಿಕೆಯ ಹುಡುಗನಿಗೆ ಆಟಕ್ಕೆ ಸೇರುವ ಆಸೆ ಇರುತ್ತದೆ, ಅಂಜಿಕೆ ತಡೆಯುತ್ತದೆ. ಅಂತರ್ಮುಖಿ ಹುಡುಗ ಆಡುವಷ್ಟು ಆಡಿ, ಸಾಕಾಯಿತು ಎಂದು ಬಂದು ಕೂತಿರುತ್ತಾನೆ. ಒಬ್ಬ ಗೆಳೆಯನ ಜೊತೆ ಇದ್ದಾಗ ಗಮನಿಸಿ, ಅಂಕದ ಮಾತಿಲ್ಲದ ಹೊತ್ತಿನಲ್ಲಿ ಗಮನಿಸಿ. ಅಲ್ಲಿ ಮಾತು ಸಲೀಸಾಗಿ ಹರಿಯುತ್ತಿದ್ದರೆ ಚಿಂತೆ ಬೇಡ. ಭಾಷಣವಿರುವ ಬೆಳಗ್ಗೆಯೇ ಹೊಟ್ಟೆನೋವು, ಮಾತಾಡಬೇಕಾದ ದಿನಗಳಲ್ಲೇ ಗೈರುಹಾಜರಿ, ಜನ ತನ್ನನ್ನು ಆಡಿಕೊಳ್ಳುತ್ತಾರೆಂಬ ಭಯ ಆರು ತಿಂಗಳು ದಾಟಿಯೂ ಇಳಿಯದಿರುವುದು, ಇವು ಆತಂಕದ ಲಕ್ಷಣ. ಚಿಕಿತ್ಸೆಯಿದೆ, ತಜ್ಞರ ಬಳಿ ಕಳಿಸಿ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು, ಶಾಲೆಗೆ ಸೇರಿದ ಮೊದಲ ತಿಂಗಳು ಕಳೆದು ಮತ್ತೂ ಒಂದು ತಿಂಗಳಾದರೂ ಅಲ್ಲಿ ಒಂದಕ್ಷರ ಆಡದಿದ್ದರೆ ಕಾಯುತ್ತಾ ಕೂರಬೇಡಿ. ನಿನ್ನೆಮೊನ್ನೆಯವರೆಗೆ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಮೌನವಾದರೆ ಅದು ಸ್ವಭಾವ ಅಲ್ಲವೇ ಅಲ್ಲ. ಏನೋ ಆಗಿದೆ. ಒಬ್ಬರೇ ಇದ್ದಾಗ ಕೇಳಿ.

ಇನ್ನು ಒಳಗೆ ಏನು ನಡೆಯುತ್ತದೆ ಎಂಬುದಕ್ಕೆ ಬರೋಣ. ನಿಮಗೆ ಕಾಣಿಸದೇ ಹೋಗುತ್ತಿರುವುದು ಇದೇ.

ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಹರ್ಲ್‌ಬರ್ಟ್ 1970ರ ದಶಕದಿಂದ ಒಂದು ಸರಳ ವಿಧಾನ ಅನುಸರಿಸುತ್ತಾ ಬಂದರು. ಕಿವಿಗೊಂದು ಬೀಪರ್ ಹಾಕಿಕೊಂಡು ದಿನನಿತ್ಯದ ಕೆಲಸಕ್ಕೆ ಹೋಗುವುದು. ಗೊತ್ತಿಲ್ಲದ ಹೊತ್ತಿನಲ್ಲಿ ಅದು ಸದ್ದು ಮಾಡಿದಾಗ, ಸದ್ದಿಗೆ ಮುಂಚಿನ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿತ್ತೋ ಅದನ್ನು ಬರೆದುಕೊಳ್ಳುವುದು. ಹೀಗೆ ಸಿಕ್ಕವುಗಳಲ್ಲಿ ಐದು ಬಗೆ ಮತ್ತೆ ಮತ್ತೆ ಬಂದವು: ಒಳಗೇ ಆಡಿಕೊಳ್ಳುವ ಮಾತು, ಒಳಗಣ್ಣಿಗೆ ಕಾಣುವ ಚಿತ್ರ, ಭಾವನೆ, ಮೈಗೆ ಅಥವಾ ಕಣ್ಣು ಕಿವಿಗೆ ತಟ್ಟುವ ಒಂದು ವಿವರದ ಮೇಲೆ ನೆಟ್ಟ ಗಮನ, ಮತ್ತು ಪದವೂ ಇಲ್ಲದ ಚಿತ್ರವೂ ಇಲ್ಲದ, ಆದರೂ ಸ್ಪಷ್ಟವಾಗಿರುವ ಯೋಚನೆ. ಕೊನೆಯದರ ಮೇಲೆ ನಿಮ್ಮ ಗಮನ ಬೇಕು. 'ಈ ಲೆಕ್ಕದಲ್ಲಿ ಏನೋ ಸರಿಯಿಲ್ಲ' ಎಂಬುದು ಒಳಗೆ ಪೂರ್ತಿ ಗೊತ್ತಿರುತ್ತದೆ, ಆದರೆ ಆ ನಾಲ್ಕು ಪದಗಳು ಅಲ್ಲಿ ಇರುವುದಿಲ್ಲ. ಅದನ್ನು ಪದಕ್ಕಿಳಿಸುವುದು ಇನ್ನೊಂದು ಕೆಲಸ. ಆ ಕೆಲಸಕ್ಕೆ ಹೊತ್ತು ಬೇಕು. ಕೆಲವರು ಅದನ್ನು ಮಾತಾಡುತ್ತಲೇ ಮಾಡುತ್ತಾರೆ. ಅವರ ಮೊದಲ ಮೂರು ವಾಕ್ಯಗಳು ಕರಡು, ನಾಲ್ಕನೆಯದು ವಿಚಾರ. ಇನ್ನು ಕೆಲವರು ಕರಡನ್ನು ಒಳಗೇ ಮುಗಿಸಿ ನಾಲ್ಕನೆಯ ವಾಕ್ಯವನ್ನಷ್ಟೇ ಹೊರಗೆ ತರುತ್ತಾರೆ. ಮೊದಲಿನವರ ಕರಡಿಗೂ ನೀವು ಅಂಕ ಕೊಡುತ್ತೀರಿ. ಎರಡನೆಯವರ ಕರಡು ನಡೆಯುತ್ತಿರುವಾಗ 'ಇವರಿಗೆ ಆಸಕ್ತಿ ಇಲ್ಲ' ಎಂದು ಬರೆದುಕೊಳ್ಳುತ್ತೀರಿ.

ಒಂದು ಮೀಟಿಂಗನ್ನೇ ಹತ್ತಿರದಿಂದ ನೋಡೋಣ. "ಇದನ್ನು ಮುಂದಿನ ತಿಂಗಳೇ ಶುರು ಮಾಡೋಣವಾ?" ಎಂದು ನೀವು ಕೇಳುತ್ತೀರಿ. ಮೂಲೆಯಲ್ಲಿ ಕೂತವಳ ಮನಸ್ಸಿಗೆ ಮೊದಲು ಬರುವುದು ಕಳೆದ ಸಲದ ವೇಳಾಪಟ್ಟಿ. ಆ ಹಾಳೆಯೇ ಕಣ್ಣಮುಂದೆ ಬರುತ್ತದೆ, ಮೂರನೇ ಸಾಲಿನ ತಾರೀಖು ಎರಡು ಸಲ ಹೊಡೆದು ತಿದ್ದಿದ್ದು ಸಹಿತ. ಆ ತಾರೀಖು ತಪ್ಪಿದ್ದು ಯಾಕೆ ಎಂಬ ಕಾರಣ ನೆನಪಾಗುತ್ತದೆ. ಆ ಕಾರಣ ಈ ಸಲವೂ ಇದೆಯಲ್ಲ ಎಂಬ ಅಳುಕು ಪದವಿಲ್ಲದೆ ಮೂಡುತ್ತದೆ. ಯಾರ ಮೇಲೆ ಹೊರೆ ಬೀಳುತ್ತದೆ, ಅವರು ಎದುರಿಗೇ ಕೂತಿರುವಾಗ ಇದನ್ನು ಹೇಗೆ ಹೇಳಿದರೆ ಅವರಿಗೆ ನೋವಾಗದು ಎಂದು ಒಂದು ವಾಕ್ಯ ಕಟ್ಟುತ್ತಾಳೆ. ಕಟ್ಟಿದ ವಾಕ್ಯವನ್ನು ಒಳಗೇ ಒಮ್ಮೆ ಆಡಿ ನೋಡುತ್ತಾಳೆ, ದೂರಿನಂತೆ ಕೇಳಿಸುತ್ತದೆ, ಬದಲಾಯಿಸುತ್ತಾಳೆ. ಅಷ್ಟರಲ್ಲಿ ಇಬ್ಬರು ಮಾತಾಡಿ ವಿಷಯ ಬಜೆಟ್ಟಿಗೆ ಹೊರಳಿದೆ. ಈಗ ಅವಳ ವಾಕ್ಯಕ್ಕೆ ಹೊಸ ಜಾಗ ಹುಡುಕಬೇಕು, ಅಂದರೆ ಇನ್ನೊಮ್ಮೆ ಕಟ್ಟಬೇಕು. ನೀವು "ಸರಿ, ಎಲ್ಲರದ್ದೂ ಒಪ್ಪಿಗೆ ಇದೆ ಅಂತಾಯ್ತು" ಎನ್ನುತ್ತೀರಿ. ಮೌನಂ ಸಮ್ಮತಿ ಲಕ್ಷಣಂ ಎಂದು ಹಿಡಿದುಕೊಂಡು ಎದ್ದ ಆ ಮೀಟಿಂಗಿನ ಬೆಲೆಯನ್ನು ಮೂರನೇ ಸಾಲಿನ ತಾರೀಖಿನಂದು ಎಲ್ಲರೂ ಸೇರಿ ತೆರುತ್ತೀರಿ.

ಇಲ್ಲೊಂದು ಎಚ್ಚರಿಕೆಯ ಮಾತು. ಅಂತರ್ಮುಖಿಗಳೆಲ್ಲ ಕವಿಗಳು, ಕನಸುಗಾರರು ಎಂದು ಹೊಗಳುವ ಚಾಳಿ ಈಚೆಗೆ ಬೆಳೆದಿದೆ. ನಮಗದು ಒಪ್ಪಿಗೆಯಿಲ್ಲ. ವ್ಯಕ್ತಿತ್ವವನ್ನು ಐದು ಮುಖ್ಯ ಗುಣಗಳಲ್ಲಿ ಅಳೆಯುವ ಪದ್ಧತಿಯಲ್ಲಿ ಕಲ್ಪನಾಶಕ್ತಿ ಬರುವುದು ಅನುಭವಕ್ಕೆ ತೆರೆದುಕೊಳ್ಳುವ ಗುಣದ ಕೆಳಗೆ. ಅದು ಬಹಿರ್ಮುಖಿಗಳಲ್ಲೂ ಧಾರಾಳವಾಗಿರಬಹುದು. ಅಂತರ್ಮುಖಿಗಳ ವಿಶೇಷವೆಂದರೆ ಯೋಚನೆಯ ಹೆಚ್ಚಿನ ಪಾಲು ಒಳಗೇ ನಡೆಯುವುದು, ಅದಕ್ಕೆ ಅವರು ಒಗ್ಗಿಹೋಗಿರುವುದು. 1999ರಲ್ಲಿ ಹದಿನೆಂಟು ಜನರ ಮೆದುಳಿನ ರಕ್ತಸಂಚಾರ ನೋಡಿದ ಅಧ್ಯಯನವೊಂದರಲ್ಲಿ, ಸುಮ್ಮನೆ ಮಲಗಿದ್ದಾಗ ಅಂತರ್ಮುಖಿಗಳಲ್ಲಿ ಮುಂಭಾಗದ ಹಾಲೆಗಳಿಗೆ, ಅಂದರೆ ನೆನಪು ಕೆದಕುವ, ಯೋಜನೆ ಹಾಕುವ, ಸಮಸ್ಯೆ ಬಿಡಿಸುವ ಭಾಗಗಳಿಗೆ, ರಕ್ತ ಹೆಚ್ಚು ಹರಿಯುತ್ತಿತ್ತು. ಹದಿನೆಂಟೇ ಜನ, ಅದರ ಮೇಲೆ ಮಹಲು ಕಟ್ಟಲಾಗದು. ಆದರೂ ಸುಮ್ಮನೆ ಕೂತವರ ತಲೆ ಖಾಲಿ ಎಂಬ ನಂಬಿಕೆಗೆ ಅಲ್ಲಿ ಯಾವ ಆಧಾರವೂ ಸಿಗುವುದಿಲ್ಲ.

ಈ ಒಳಕೆಲಸಕ್ಕೆ ಕೆಟ್ಟ ಮುಖವೂ ಇದೆ. ಆಡಿದ ಮಾತನ್ನು ರಾತ್ರಿ ಮತ್ತೆ ಆಡಿಸಿ ನೋಡುವ ಅಭ್ಯಾಸ ಹಲವರಿಗಿರುತ್ತದೆ. ಬೆಳಗ್ಗೆ "ನಿನ್ನೆ ಹೇಳಿದ್ದರಲ್ಲಿ ಒಂದು ತಿದ್ದುಪಡಿ" ಎಂದು ಬರುವುದು ಅದರಿಂದಲೇ, ಅದನ್ನು ಗೌರವಿಸಿ. ಆದರೆ ಆಡಿಸಿ ನೋಡಿದಾಗೆಲ್ಲ ಹೊಸದೇನೋ ಹೊಳೆಯುತ್ತಿದ್ದರೆ ಮಾತ್ರ ಅದು ಯೋಚನೆ. ಅದೇ ವಾಕ್ಯ, ಅದೇ ಮುಜುಗರ ಗಾಣದಂತೆ ಸುತ್ತುತ್ತಿದ್ದರೆ ಅದು ಕೊರಗು. ಕೊರಗಿಗೆ ಮದ್ದು ಬರವಣಿಗೆ: ಏನಾಯಿತು, ಮುಂದೇನು ಮಾಡುತ್ತೇನೆ, ಎರಡೇ ಸಾಲು, ಅಲ್ಲಿಗೆ ಮುಗಿಸುವುದು.

ಈಗ ತರಗತಿ. ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳುತ್ತಾ ಕಂಡುಕೊಂಡಿದ್ದು ಇಷ್ಟು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ 1 ಸೆಕೆಂಡ್. ಮಗು ಉತ್ತರಿಸಿದ ಮೇಲೆ ತಾವು ಬಾಯಿ ಹಾಕುವ ಮುನ್ನ ಬಿಡುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಕಡೆ ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಕಾರಣಸಹಿತವಾದವು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು, ಉತ್ತರವೇ ಬಾರದಿರುವುದು ಕಡಿಮೆಯಾಯಿತು. ಶಿಕ್ಷಕರು ದಡ್ಡರೆಂದುಕೊಂಡಿದ್ದ ಮಕ್ಕಳೂ ಬಾಯಿ ಬಿಟ್ಟರು.

ಮೂರು ಸೆಕೆಂಡ್ ಎಂದರೆ ಏನೂ ಅಲ್ಲ ಅನ್ನಿಸುತ್ತದೆ. ಬೋರ್ಡಿನ ಮುಂದೆ ನಿಂತಾಗ ಅದು ಬಹಳ ಉದ್ದ. ಆದ್ದರಿಂದಲೇ ಈ ಪ್ರಯತ್ನ ಎರಡನೇ ವಾರಕ್ಕೆ ಬಿದ್ದುಹೋಗುತ್ತದೆ. ಕೆಡುವ ಜಾಗಗಳು ನಿಶ್ಚಿತ. ಕಾಯುವ ಹೊತ್ತಿನಲ್ಲಿ ಪ್ರಶ್ನೆಯನ್ನೇ ಬೇರೆ ಪದಗಳಲ್ಲಿ ಮತ್ತೆ ಕೇಳುತ್ತೀರಿ. ಒಳಗೆ ಅರ್ಧ ಕಟ್ಟಿದ ಉತ್ತರ ಕಳಚಿಬೀಳುತ್ತದೆ. "ಹೇಳಿ, ಹೇಳಿ, ಸುಲಭ ಇದೆ" ಎನ್ನುತ್ತೀರಿ. ಸುಲಭದ್ದು ಬಾರದಿದ್ದರೆ ಮರ್ಯಾದೆ ಹೋಗುತ್ತದೆಂದು ಮಗು ಬಾಯಿ ಮುಚ್ಚುತ್ತದೆ. ಮೊದಲ ಕೈ ಎದ್ದ ಕೂಡಲೇ ಹೆಸರು ಕರೆಯುತ್ತೀರಿ. ಉಳಿದವರೆಲ್ಲ ಯೋಚಿಸುವುದನ್ನು ನಿಲ್ಲಿಸುತ್ತಾರೆ. ಮಗು ಹೇಳಿದ ಉತ್ತರವನ್ನು ನೀವೇ ಜೋರಾಗಿ ಪುನರುಚ್ಚರಿಸುತ್ತೀರಿ. ಮಕ್ಕಳು ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳುವುದನ್ನು ಬಿಡುತ್ತಾರೆ. ಬದಲಿಗೆ ಹೀಗೆ ಮಾಡಿ: ಪ್ರಶ್ನೆ ಒಂದೇ ಸಲ ಕೇಳಿ, ಬೋರ್ಡಿನ ಮೇಲೂ ಬರೆಯಿರಿ. "ಅರ್ಧ ನಿಮಿಷ ಕೈ ಎತ್ತುವುದು ಬೇಡ, ಒಂದು ಸಾಲು ಬರೆದುಕೊಳ್ಳಿ" ಎನ್ನಿ. ಆಮೇಲೆ ಪಕ್ಕದವರಿಗೆ ಹೇಳಲು ಒಂದು ನಿಮಿಷ. ಆಮೇಲೆ ಹೆಸರು ಕರೆಯಿರಿ. ಬರೆದದ್ದನ್ನು ಓದಿದರೂ ಸಾಕು ಎಂದು ಮೊದಲೇ ತಿಳಿಸಿ. ನೆನಪಿನಿಂದ ಹೇಳುವ ಪುಟ್ಟ ಪ್ರಶ್ನೆಗೆ ಇಷ್ಟೆಲ್ಲ ಬೇಡ. ಮಗ್ಗಿಗೆ ಮೂರು ಸೆಕೆಂಡ್ ಕಾದರೆ ತರಗತಿ ಆಕಳಿಸುತ್ತದೆ. 'ಯಾಕೆ', 'ಹೇಗೆ' ಎಂಬ ಪ್ರಶ್ನೆಗಳಿಗೆ ಮಾತ್ರ ಇಟ್ಟುಕೊಳ್ಳಿ.

ಪಾಲ್ಗೊಳ್ಳುವಿಕೆಯ ಅಂಕವನ್ನು ಕೈ ಎತ್ತಿದ ಲೆಕ್ಕದಿಂದ ಕೊಡಬೇಡಿ. ತರಗತಿ ಮುಗಿಯುವ ಮುನ್ನ ಚೀಟಿಯಲ್ಲಿ ಬರೆದ ಒಂದು ಪ್ರಶ್ನೆ, ಗೆಳೆಯನ ಉತ್ತರಕ್ಕೆ ಸೇರಿಸಿದ ಒಂದು ಮಾತು, ಹಿಂದಿನ ಪಾಠಕ್ಕೆ ಜೋಡಿಸಿದ ಒಂದು ಉದಾಹರಣೆ, ಇವುಗಳನ್ನೂ ಅದರೊಳಗೆ ಸೇರಿಸಿ.

ಕಚೇರಿಗಳ ವಿಷಯಕ್ಕೆ ಬಂದರೆ, ಎಲ್ಲರೂ ಒಂದು ಕೋಣೆಯಲ್ಲಿ ಕೂತು ಹೊಳೆದದ್ದನ್ನೆಲ್ಲ ಕೂಗಿ ಹೇಳುವ ಪದ್ಧತಿ ಕೆಲಸ ಮಾಡುವುದಿಲ್ಲವೆಂಬುದು ಹಳೆಯ ಸುದ್ದಿ. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಒಟ್ಟಿಗೆ ಕೂತ ನಾಲ್ವರಿಗಿಂತ ಬೇರೆ ಬೇರೆ ಕೂತು ಬರೆದ ನಾಲ್ವರ ಪಟ್ಟಿ ಸೇರಿಸಿದಾಗ ಹೆಚ್ಚು ವಿಚಾರಗಳು ಸಿಕ್ಕವು. ಕಾರಣವನ್ನು 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಬಿಡಿಸಿ ತೋರಿಸಿದರು. ಒಮ್ಮೆಗೆ ಒಬ್ಬರೇ ಮಾತಾಡಬಹುದು. ಸರದಿ ಕಾಯುತ್ತಿರುವವರು ತಮ್ಮದನ್ನು ಮರೆಯುತ್ತಾರೆ, ಅಥವಾ ಇನ್ನೊಬ್ಬರದನ್ನು ಕೇಳುತ್ತಾ ತಮ್ಮದು ಬೇಡವೆಂದು ಬಿಡುತ್ತಾರೆ. ಇದು ಎಲ್ಲ ಸ್ವಭಾವದವರಿಗೂ ನಷ್ಟ, ಮಾತನ್ನು ಒಳಗೇ ಕಟ್ಟುವವರಿಗೆ ಇನ್ನೂ ಹೆಚ್ಚು.

ಮಾಡಬೇಕಾದದ್ದು: ಅಜೆಂಡಾ ಹಿಂದಿನ ದಿನವೇ ಕಳಿಸಿ. 'ಯೋಜನೆಯ ಬಗ್ಗೆ ಚರ್ಚೆ' ಎಂಬ ಅಜೆಂಡಾ ಪ್ರಯೋಜನಕ್ಕೆ ಬಾರದು. 'ಶುರು ಮಾಡುವುದು ಮುಂದಿನ ತಿಂಗಳೋ ಅದರ ಮುಂದಿನದೋ, ತಡೆಯಬಹುದಾದ ಒಂದು ಕಾರಣ ಯೋಚಿಸಿ ಬನ್ನಿ' ಎಂದು ಪ್ರಶ್ನೆಯನ್ನೇ ಬರೆಯಿರಿ. ಮೀಟಿಂಗಿನ ಮೊದಲ ಐದು ನಿಮಿಷ ಎಲ್ಲರೂ ಮೌನವಾಗಿ ಬರೆಯಲಿ. ಬರೆದದ್ದನ್ನು ಹೆಸರಿಲ್ಲದೆ ಗೋಡೆಗೆ ಅಂಟಿಸಿ, ಆಮೇಲೆ ಮಾತು. ನೀವು ಮುಖ್ಯಸ್ಥರಾದರೆ ಕೊನೆಗೆ ಮಾತಾಡಿ. ತೀರ್ಮಾನವನ್ನು ಅಲ್ಲೇ ಮುಗಿಸದೆ ಮರುದಿನ ಮಧ್ಯಾಹ್ನದವರೆಗೆ ತೆರೆದಿಡಿ, ಲಿಖಿತ ಆಕ್ಷೇಪಕ್ಕೆ ಅವಕಾಶವಿರಲಿ. ಕೆಡುವುದೆಲ್ಲಿ ಎಂದರೆ, ಆ ಐದು ನಿಮಿಷದಲ್ಲಿ ಯಾರಾದರೊಬ್ಬರು ತಮಾಷೆ ಶುರು ಮಾಡುತ್ತಾರೆ, ಅಥವಾ ಮುಖ್ಯಸ್ಥರೇ ಫೋನ್ ತೆಗೆಯುತ್ತಾರೆ. ನೀವೂ ಪೆನ್ನು ಹಿಡಿದು ಬರೆಯಿರಿ. ಮುನ್ಸೂಚನೆಯಿಲ್ಲದೆ "ನೀವು ಯಾಕೆ ಸುಮ್ಮನಿದ್ದೀರಿ? ಏನಾದ್ರೂ ಹೇಳಿ" ಎಂದು ತಿರುಗುವುದು ಎಲ್ಲಕ್ಕಿಂತ ಕೆಟ್ಟದ್ದು. ಆ ಪ್ರಶ್ನೆಗೆ ಬರುವ ಉತ್ತರ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಸಿಕ್ಕ ಮೊದಲ ವಾಕ್ಯವಷ್ಟೇ. "ಇನ್ನು ಐದು ನಿಮಿಷಕ್ಕೆ ಖರ್ಚಿನ ಬಗ್ಗೆ ನಿಮ್ಮನ್ನು ಕೇಳುತ್ತೇನೆ" ಎಂದು ಮೊದಲೇ ಹೇಳಿದರೆ ಅದೇ ವ್ಯಕ್ತಿಯಿಂದ ಬೇರೆಯೇ ಮಾತು ಬರುತ್ತದೆ.

ಗೋಡೆಗಳನ್ನು ಒಡೆದರೆ ಜನ ಹೆಚ್ಚು ಮಾತಾಡುತ್ತಾರೆ ಎಂಬ ನಂಬಿಕೆಯೂ ನಿಲ್ಲಲಿಲ್ಲ. ತೆರೆದ ಕಚೇರಿಗೆ ಬದಲಾದ ಎರಡು ಕಂಪನಿಗಳ ಮುಖ್ಯ ಕಚೇರಿಗಳನ್ನು ಅಳೆದ 2018ರ ಅಧ್ಯಯನದಲ್ಲಿ ಮುಖಾಮುಖಿ ಮಾತುಕತೆ ಸುಮಾರು 70 ಶೇಕಡ ಇಳಿಯಿತು, ಇಮೇಲ್ ಏರಿತು. ಒಂದು ಬಾಗಿಲಿರುವ ಕೋಣೆಯನ್ನು, ಅಲ್ಲಿ ಫೋನ್ ಮಾತು ಬೇಡ ಎಂಬ ಒಂದೇ ನಿಯಮದೊಡನೆ ಬಿಟ್ಟುಕೊಡಿ. ಅಲ್ಲಿ ಹೋಗಿ ಕೂತವರನ್ನು 'ಟೀಂ ಸ್ಪಿರಿಟ್ ಇಲ್ಲದವರು' ಎಂದು ಅಪ್ರೈಸಲ್‌ನಲ್ಲಿ ಬರೆದರೆ ಆ ಕೋಣೆ ಕೊಟ್ಟೂ ಕೊಡದಂತೆ.

ಇಂಟರ್‌ವ್ಯೂನಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳಿರಲಿ, ಅವುಗಳಲ್ಲಿ ಎರಡನ್ನು ಹತ್ತು ನಿಮಿಷ ಮೊದಲೇ ಕಾಗದದಲ್ಲಿ ಕೊಡಿ, ಕೆಲಸದ ಒಂದು ತುಣುಕನ್ನು ಕೈಯಾರೆ ಮಾಡಿಸಿ ನೋಡಿ. ಬಡ್ತಿಯ ವಿಷಯದಲ್ಲಿ ಒಂದು ಮಾತು. ಆಡಂ ಗ್ರಾಂಟ್ ಮತ್ತು ಸಂಗಡಿಗರು ಪಿಜ್ಜಾ ಅಂಗಡಿಗಳನ್ನು ನೋಡಿದ 2011ರ ಅಧ್ಯಯನದ ಪ್ರಕಾರ, ಕೆಳಗಿನವರು ತಾವಾಗಿ ಸಲಹೆ ತರುವಂಥವರಾಗಿದ್ದಾಗ ಬಹಿರ್ಮುಖಿ ಮುಖ್ಯಸ್ಥರಿಗಿಂತ ಹೆಚ್ಚು ಮಾತಾಡದ ಮುಖ್ಯಸ್ಥರ ಅಂಗಡಿಗಳೇ ಹೆಚ್ಚು ಲಾಭ ಮಾಡಿದವು. ಕೆಳಗಿನವರು ಹೇಳಿದಷ್ಟೇ ಮಾಡುವವರಾಗಿದ್ದಾಗ ಫಲ ತಿರುವುಮುರುವಾಯಿತು. 'ನಾಯಕತ್ವ' ಎಂಬ ಕಾಲಂನಲ್ಲಿ ದನಿ ಎಷ್ಟು ದೊಡ್ಡದು ಎಂಬುದರ ಜೊತೆ, ಯಾರ ಮಾತನ್ನು ಕೇಳಿ ಏನನ್ನು ಬದಲಿಸಿದರು ಎಂದೂ ಕೇಳಿ.

ಇವರಿಗೆ ಮಾತಿನಿಂದ ವಿನಾಯಿತಿ ಕೊಡಿ ಎಂದು ನಾವು ಕೇಳುತ್ತಿಲ್ಲ. ಮಾತು ಕಲಿಯಬೇಕು, ಕಲಿಸಬೇಕು. ಜನರ ನಡುವೆ ಚುರುಕಾಗಿ ನಡೆದುಕೊಂಡ ಹೊತ್ತಿನಲ್ಲಿ ಅಂತರ್ಮುಖಿಗಳಿಗೂ ಖುಷಿಯೆನಿಸುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ: ಫಿನ್‌ಲೆಂಡಿನ 2017ರ ಅಧ್ಯಯನದಲ್ಲಿ ಹಾಗೆ ನಡೆದುಕೊಂಡ ಎರಡು ಮೂರು ಗಂಟೆಗಳ ಬಳಿಕ ದಣಿವು ಏರಿತು, ಅದೂ ಎಲ್ಲರಿಗೂ. 2019ರ ಇನ್ನೊಂದರಲ್ಲಿ ವಾರವಿಡೀ ಬಹಿರ್ಮುಖಿಯಂತೆ ಇರಲು ಹೇಳಿದಾಗ, ಹೆಚ್ಚು ಅಂತರ್ಮುಖಿಯಾಗಿದ್ದವರಿಗೆ ಲಾಭ ಕಡಿಮೆ, ಆಯಾಸ ಹೆಚ್ಚು, ತಾನು ತಾನಾಗಿಲ್ಲ ಎಂಬ ಕಸಿವಿಸಿಯೂ ಹೆಚ್ಚು. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಕಲಿಸಿ. ಮೊದಲು ಒಬ್ಬರೆದುರು ಎರಡು ನಿಮಿಷ, ಆಮೇಲೆ ನಾಲ್ವರೆದುರು, ಆಮೇಲೆ ಇಡೀ ತರಗತಿ. ವಿಷಯ ಅವರೇ ಆರಿಸಿಕೊಂಡದ್ದು. "ನನಗೆ ಒಂದು ನಿಮಿಷ ಕೊಡಿ, ಹೇಳುತ್ತೇನೆ" ಎಂಬ ವಾಕ್ಯವನ್ನು ಬಳಸಲು ಕಲಿಸಿ, ಬಳಸಿದಾಗ ಆ ನಿಮಿಷವನ್ನು ನಿಜವಾಗಿಯೂ ಕೊಡಿ. ಭಾಷಣವೋ ದೊಡ್ಡ ಮೀಟಿಂಗೋ ಮುಗಿದ ಮೇಲೆ ಇಪ್ಪತ್ತು ನಿಮಿಷ ಯಾರೊಡನೆಯೂ ಮಾತಾಡಬೇಕಾಗಿಲ್ಲದ ಕೆಲಸ ಹಚ್ಚಿ. ಊಟದ ಹೊತ್ತಿನಲ್ಲಿ ಒಬ್ಬರೇ ಕೂತು ಓದುವವರನ್ನು ಎಳೆದು ತಂದು ಗುಂಪಿಗೆ ಸೇರಿಸುವುದು ಪ್ರೀತಿಯಿಂದಲೇ ಆಗಿರಬಹುದು, ಆದರೆ ಮಧ್ಯಾಹ್ನದ ಕೆಲಸಕ್ಕೆ ಅವರು ಕೂಡಿಡುತ್ತಿದ್ದ ಶಕ್ತಿ ಅಲ್ಲೇ ಖರ್ಚಾಗುತ್ತದೆ.

ನಿಮ್ಮಿಂದ ಈ ವರ್ಷ ನಮಗೆ ಬೇಕಾಗಿರುವುದು ಒಂದು ಸಣ್ಣ ಕೆಲಸ. ಫಾರಂನಲ್ಲಿ 'ಮಾತಾಡುವುದಿಲ್ಲ', 'ಬೆರೆಯುವುದಿಲ್ಲ' ಎಂದು ಬರೆಯುವ ಜಾಗದಲ್ಲಿ ಮೂರು ಸಂಗತಿ ಬರೆಯಿರಿ: ಯಾವ ಸಂದರ್ಭದಲ್ಲಿ ಮಾತು ಬೇಕಿತ್ತು, ಯೋಚಿಸಲು ಎಷ್ಟು ಹೊತ್ತು ಕೊಟ್ಟಿದ್ದೆವು, ಬರೆದು ಕೊಡುವ ದಾರಿ ಇತ್ತೇ. ಎರಡನೆಯದಕ್ಕೆ ಉತ್ತರ ಸೊನ್ನೆ, ಮೂರನೆಯದಕ್ಕೆ ಇಲ್ಲ ಎಂದಾದರೆ, ಆ ಸಾಲಿನ ಅಂಕವನ್ನು ಖಾಲಿ ಬಿಡಿ.

ಇಂತಿ,
ಆಪ್ತಸಮಾಲೋಚಕರು ಮತ್ತು ಶಿಕ್ಷಕರ ತರಬೇತುದಾರರ ಪರವಾಗಿ